ಎರಡು ತಲೆಯ ಹಕ್ಕಿ ಗುರಾಣಿಯೊಳಗೆ ಬಂದ ಬಗೆ

ಕರ್ನಾಟಕ ಸರ್ಕಾರದ ಆದೇಶಗಳ ನೆತ್ತಿಯಲ್ಲಿ ಅಚ್ಚಾಗುವ ಲಾಂಛನದಲ್ಲಿ ಮೂರು ಕಾಲದ ಮೂರು ಪದರಗಳಿವೆ. ನಡುವಿನ ಗಂಡಭೇರುಂಡ ಕನ್ನಡ ನಾಡಿನ ಶಿಲ್ಪದಲ್ಲಿ ಹನ್ನೊಂದನೆಯ ಶತಮಾನದಿಂದಲೂ ಇದೆ. ತುದಿಯಲ್ಲಿರುವ ಸಾರನಾಥದ ಸಿಂಹಗಳು 1950ರ ಜನವರಿ 26ರಂದು ಭಾರತದ ರಾಷ್ಟ್ರ ಲಾಂಛನವಾದವು. ಇವೆರಡನ್ನೂ ಕೂಡಿಸಿ ನಿಲ್ಲಿಸಿರುವ ಚೌಕಟ್ಟು ಮಾತ್ರ ಇಲ್ಲಿಯದಲ್ಲ. ಗುರಾಣಿ, ಅದರ ಇಕ್ಕೆಲದಲ್ಲಿ ಕಾವಲು ನಿಂತ ಪ್ರಾಣಿಗಳು, ಅವುಗಳ ಕಾಲಡಿಯ ಹಸಿರು ನೆಲ, ಕೆಳಗಿನ ಧ್ಯೇಯವಾಕ್ಯ, ಇವೆಲ್ಲ ಪಶ್ಚಿಮ ಯುರೋಪಿನ ಕೋಟ್ ಆಫ್ ಆರ್ಮ್ಸ್ ಪದ್ಧತಿಯವು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಈ ಪದ್ಧತಿ ನಮ್ಮ ಸಂಸ್ಥಾನಗಳಿಗೆ ಬಂತು. ಕೆಂಪು ಎಂದರೆ ಶೌರ್ಯ, ನೀಲಿ ಎಂದರೆ ನಿಷ್ಠೆ ಎಂಬ ಸಿದ್ಧ ಅರ್ಥಗಳನ್ನು ಹಿಡಿದು ಹೊರಟರೆ ಈ ಲಾಂಛನ ಓದಿಗೆ ದಕ್ಕುವುದಿಲ್ಲ. ಅದರ ಕಟ್ಟಳೆ ಗೊತ್ತಿರಬೇಕು.

ಕಟ್ಟಳೆ ಹುಟ್ಟಿದ್ದು ಒಂದು ವ್ಯಾವಹಾರಿಕ ತೊಡಕಿನಿಂದ. ಕಬ್ಬಿಣದ ಟೊಪ್ಪಿಗೆ ಮುಖ ಮುಚ್ಚಿದಾಗ ಎದುರಿಗಿರುವವನು ಯಾರೆಂದು ತಿಳಿಯುವುದು ಕಷ್ಟ. 1066ರ ಹೇಸ್ಟಿಂಗ್ಸ್ ಕಾಳಗವನ್ನು ಚಿತ್ರಿಸುವ ಬೇಯೂ ಕಸೂತಿಪಟದಲ್ಲಿ ನಾರ್ಮಂಡಿಯ ವಿಲಿಯಂ ತಾನು ಬದುಕಿದ್ದೇನೆಂದು ತನ್ನವರಿಗೆ ತೋರಿಸಲು ಟೊಪ್ಪಿಗೆ ಎತ್ತಿ ಮುಖ ಕಾಣಿಸುತ್ತಾನೆ. ಆ ಪಟದ ಗುರಾಣಿಗಳ ಮೇಲೆ ಚಿತ್ರಗಳಿವೆ, ಆದರೆ ಅವು ಇನ್ನೂ ಬರೀ ಅಲಂಕಾರ. ಇಂಥ ಮನೆತನಕ್ಕೆ ಇಂಥ ಗುರುತು ಎಂಬ ನಿಯಮ ಆಗ ಇರಲಿಲ್ಲ.

ಮುಂದಿನ ಶತಮಾನದಲ್ಲಿ ಚಿತ್ರ ಬದಲಾಯಿತು. 1151ರಲ್ಲಿ ತೀರಿಕೊಂಡ ಆಂಜೂವಿನ ಜೆಫ್ರಿಯ ಸಮಾಧಿಗಾಗಿ ಮಾಡಿದ ಎನಾಮಲ್ ಫಲಕ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿದೆ. ಅದರಲ್ಲಿ ಅವನ ಕೈಯಲ್ಲಿರುವುದು ನೀಲಿ ಗುರಾಣಿ, ಅದರ ಮೇಲೆ ಚಿನ್ನದ ಸಿಂಹಗಳು. ಅವನ ಮೊಮ್ಮಗ ವಿಲಿಯಂ ಲಾಂಗೆಸ್ಪಿ 1226ರಲ್ಲಿ ಸತ್ತ. ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿರುವ ಅವನ ಸಮಾಧಿಯ ಗುರಾಣಿಯ ಮೇಲೂ ಅಂಥವೇ ಆರು ಸಿಂಹಗಳಿವೆ. ಗುರುತು ಒಬ್ಬ ಯೋಧನ ಇಷ್ಟಾನಿಷ್ಟವನ್ನು ಬಿಟ್ಟು ವಂಶದ ಸ್ವತ್ತಾದದ್ದಕ್ಕೆ ಇಷ್ಟು ಕಣ್ಣಿಗೆ ಕಟ್ಟುವ ಸಾಕ್ಷಿ ಅಪರೂಪ. ಕೆಲವೇ ತಲೆಮಾರುಗಳಲ್ಲಿ ಈ ಪದ್ಧತಿ ಯೋಧರನ್ನು ದಾಟಿ ಬಿಷಪ್‌ಗಳಿಗೆ, ಊರುಗಳಿಗೆ, ಹೆಂಗಸರಿಗೆ, ವರ್ತಕರಿಗೂ ಹಬ್ಬಿತು. ಓದುಬರಹ ಬಾರದವರ ನಡುವೆ ಒಂದು ಮುದ್ರೆ ಸಹಿಯ ಕೆಲಸ ಮಾಡುತ್ತಿತ್ತು. ಪದ್ಧತಿ ಗಟ್ಟಿಯಾಗಲು ಯುದ್ಧದಷ್ಟೇ ಕಾಗದಪತ್ರಗಳೂ ಕಾರಣ.

ಕುದುರೆ ಕಾಳಗದ ಪಂದ್ಯಗಳಲ್ಲಿ ಯಾರು ಬಂದರು, ಯಾರು ಗೆದ್ದರು ಎಂದು ಸಾರುತ್ತಿದ್ದವರು ಹೆರಾಲ್ಡ್‌ಗಳು. ಗುರಾಣಿಗಳನ್ನು ನೆನಪಿಟ್ಟು ಪಟ್ಟಿ ಮಾಡುವ ಹೊಣೆ ಅವರದಾಯಿತು, ನಿಯಮ ಕಟ್ಟಿದವರೂ ಅವರೇ. ಮೊದಲ ನಿಯಮ ಬಣ್ಣದ್ದು. ಚಿನ್ನ ಮತ್ತು ಬೆಳ್ಳಿ, ಅಂದರೆ ಹಳದಿ ಮತ್ತು ಬಿಳಿ, ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳು. ಲೋಹದ ಮೇಲೆ ಲೋಹ ಬರಬಾರದು, ಬಣ್ಣದ ಮೇಲೆ ಬಣ್ಣ ಬರಬಾರದು. ಕಾರಣ ಸರಳ. ನೀಲಿಯ ಮೇಲಿನ ಕಪ್ಪು ಹದ್ದು, ಬಿಳಿಯ ಮೇಲಿನ ಹಳದಿ ಶಿಲುಬೆ ದೂರದಿಂದ, ಧೂಳಿನ ನಡುವೆ ಕಣ್ಣಿಗೆ ಬೀಳುವುದಿಲ್ಲ. ಜೆರುಸಲೇಮ್ ರಾಜ್ಯ ಬೆಳ್ಳಿಯ ಮೇಲೆ ಚಿನ್ನದ ಶಿಲುಬೆಗಳನ್ನು ಇಟ್ಟುಕೊಂಡದ್ದು ಈ ನಿಯಮ ಮುರಿದ ಅತಿ ಪ್ರಸಿದ್ಧ ಉದಾಹರಣೆ.

ಎರಡನೆಯದು ಬಲ ಎಡದ ನಿಯಮ. ಎರಡನ್ನೂ ಲೆಕ್ಕ ಹಾಕುವುದು ಗುರಾಣಿ ಹಿಡಿದವನ ಕಡೆಯಿಂದ, ನೋಡುವವರ ಕಡೆಯಿಂದಲ್ಲ. ಹಾಗಾಗಿ ಕಾಗದದ ಮೇಲೆ ನಮಗೆ ಎಡಕ್ಕೆ ಕಾಣುವ ಬದಿ ಗುರಾಣಿಯ ಬಲ, ಅದೇ ಗೌರವದ ಬದಿ. ಒಂಟಿ ಸಿಂಹವೋ ಕುದುರೆಯೋ ಸಾಮಾನ್ಯವಾಗಿ ಮುಖ ಮಾಡುವುದು ಅತ್ತ ಕಡೆಗೆ. ಹೊಸದಾಗಿ ಲಾಂಛನ ಬರೆಯುವವರು ಎಡವುವುದು ಬಹುಪಾಲು ಇಲ್ಲೇ: ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಪ್ರಾಣಿ ಬೆನ್ನು ತಿರುಗಿಸಿ ಓಡುವಂತೆ ಓದಿಸಿಕೊಳ್ಳುತ್ತದೆ. ಎರಡು ತಲೆಯ ಹಕ್ಕಿಗೆ ಈ ಗೊಡವೆ ಇಲ್ಲ.

ಮೂರನೆಯದು ಹೆಚ್ಚಿನವರಿಗೆ ಅಚ್ಚರಿ ತರುವಂಥದ್ದು. ಕೋಟ್ ಆಫ್ ಆರ್ಮ್ಸ್‌ನ ಅಧಿಕೃತ ರೂಪ ಚಿತ್ರವಲ್ಲ, ಒಂದು ವಾಕ್ಯ. ಮೊದಲು ಗುರಾಣಿಯ ನೆಲದ ಬಣ್ಣ, ಆಮೇಲೆ ಮುಖ್ಯ ಆಕೃತಿ ಮತ್ತು ಅದರ ಬಣ್ಣ, ಕೊನೆಗೆ ಅಂಚು, ಈ ಕ್ರಮದಲ್ಲಿ ವರ್ಣಿಸಬೇಕು. ಕರ್ನಾಟಕದ ಗುರಾಣಿಯನ್ನು ಹೀಗೆ ಹೇಳಬಹುದು: ಕೆಂಪು ನೆಲ, ಅದರ ಮೇಲೆ ಬಿಳಿಯ ಗಂಡಭೇರುಂಡ, ಸುತ್ತ ನೀಲಿ ಅಂಚು. ವಾಕ್ಯಕ್ಕೆ ನಿಷ್ಠವಾಗಿದ್ದರೆ ಹತ್ತು ಕಲಾವಿದರು ಹತ್ತು ಬಗೆಯ ರೆಕ್ಕೆ ಬರೆದರೂ ಲಾಂಛನ ಒಂದೇ. ಕೆಂಪಿನ ಹದ ಕುಂಕುಮವೋ ಇಟ್ಟಿಗೆಯೋ ಎಂಬ ಜಗಳಕ್ಕೆ ಇಲ್ಲಿ ಎಡೆಯಿಲ್ಲ. ಇಂದಿನ ಕಂಪನಿ ಲೋಗೋಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಬಣ್ಣದ ನಿಯಮಕ್ಕೆ ಹಿಡಿದು ನೋಡಿದರೆ, ಕೆಂಪಿನ ಮೇಲೆ ಬಿಳಿ ಹಕ್ಕಿ ಎಂದರೆ ಬಣ್ಣದ ಮೇಲೆ ಲೋಹ, ಅಪ್ಪಟ ಶಾಸ್ತ್ರೀಯ. ಕೆಂಪಿಗೆ ತಾಗಿದ ನೀಲಿ ಅಂಚು ಬಣ್ಣಕ್ಕೆ ಬಣ್ಣ, ಆದರೆ ಅಂಚಿಗೆ ಈ ಶಾಸ್ತ್ರ ಕೆಲವೊಮ್ಮೆ ರಿಯಾಯಿತಿ ಕೊಟ್ಟಿದೆ.

ಅಂಚು ಎಂದರೆ ಸಣ್ಣ ಸಂಗತಿ ಅಂದುಕೊಳ್ಳಬೇಡಿ. 1385ರಲ್ಲಿ ಇಂಗ್ಲೆಂಡಿನ ಎರಡನೆಯ ರಿಚರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ ಸ್ಕ್ರೋಪ್ ಮತ್ತು ಗ್ರೋಸ್ವೆನರ್ ಎಂಬ ಇಬ್ಬರ ಗುರಾಣಿಗಳು ಒಂದೇ ಎಂದು ಗೊತ್ತಾಯಿತು: ನೀಲಿ ನೆಲ, ಓರೆಯಾಗಿ ಚಿನ್ನದ ಪಟ್ಟಿ. ವ್ಯಾಜ್ಯ ಐದು ವರ್ಷ ಎಳೆಯಿತು. ಸಾಕ್ಷಿ ಹೇಳಿದವರಲ್ಲಿ ಕವಿ ಜೆಫ್ರಿ ಚಾಸರ್ ಕೂಡ ಒಬ್ಬ. ಗ್ರೋಸ್ವೆನರ್ ಬೇಕಿದ್ದರೆ ಬೆಳ್ಳಿಯ ಅಂಚು ಸೇರಿಸಿಕೊಂಡು ಅದೇ ಗುರಾಣಿ ಹಿಡಿಯಲಿ ಎಂದು ಮೊದಲ ತೀರ್ಪು. 1390ರಲ್ಲಿ ದೊರೆ ಅದನ್ನೂ ತಳ್ಳಿಹಾಕಿದ. ಅಂಚು ಸೇರಿಸುವುದು ಒಂದೇ ರಕ್ತದ ತಮ್ಮಂದಿರು, ದಾಯಾದಿಗಳು ತಮ್ಮನ್ನು ಬೇರೆ ಮಾಡಿ ತೋರಿಸುವ ಕ್ರಮ. ಹೊರಗಿನವನಿಗೆ ಅಷ್ಟು ವ್ಯತ್ಯಾಸ ಸಾಲದು ಎಂಬುದು ವಾದ. ಇಂಥ ಲೆಕ್ಕಗಳನ್ನು ಇಡಲು ಮೂರನೆಯ ರಿಚರ್ಡ್ 1484ರಲ್ಲಿ ಲಂಡನ್ನಿನ ಹೆರಾಲ್ಡ್‌ಗಳಿಗೆ ಸನ್ನದು ಕೊಟ್ಟ. ಅವರ ಸಂಸ್ಥೆ ಕಾಲೇಜ್ ಆಫ್ ಆರ್ಮ್ಸ್ ಇಂದಿಗೂ ನಡೆಯುತ್ತಿದೆ.

ಕಪ್ಪು ಬಿಳುಪು ಅಚ್ಚಿನಲ್ಲಿ ಬಣ್ಣ ತೋರಿಸುವ ಉಪಾಯ ಹದಿನೇಳನೆಯ ಶತಮಾನದ್ದು. ಜೆಸ್ಯೂಟ್ ಪಾದ್ರಿ ಪೆತ್ರಾ ಸಾಂಕ್ತಾ 1638ರಲ್ಲಿ ಬಳಸಿದ ಕ್ರಮವೇ ರೂಢಿಯಲ್ಲಿ ನಿಂತಿತು. ನಿಂತ ಗೆರೆಗಳೆಂದರೆ ಕೆಂಪು, ಮಲಗಿದ ಗೆರೆಗಳೆಂದರೆ ನೀಲಿ, ಎರಡೂ ಅಡ್ಡಹಾಯ್ದರೆ ಕಪ್ಪು. ಚುಕ್ಕಿಗಳು ಚಿನ್ನ, ಖಾಲಿ ಬಿಟ್ಟದ್ದು ಬೆಳ್ಳಿ. ನೋಡುವವರ ಎಡಮೇಲಿನಿಂದ ಬಲಕೆಳಕ್ಕೆ ಇಳಿವ ಓರೆಗೆರೆ ಹಸಿರು, ಅದಕ್ಕೆ ಎದುರು ಓರೆ ನೇರಳೆ. ಹಳೆಯ ನಾಣ್ಯ, ಮುದ್ರೆ, ಬೆಳ್ಳಿ ಪಾತ್ರೆಗಳ ಮೇಲಿನ ಸಂಸ್ಥಾನದ ಗುರುತುಗಳನ್ನು ಭೂತಗನ್ನಡಿ ಹಿಡಿದು ನೋಡುವವರಿಗೆ ಈ ಗೆರೆಗಳು ಉಪಯೋಗಕ್ಕೆ ಬರುತ್ತವೆ. ಒಂದು ಎಚ್ಚರಿಕೆ: 1638ಕ್ಕೂ ಹಳೆಯ ವಸ್ತುವಿನ ಮೇಲಿನ ಗೆರೆಗಳನ್ನು ಈ ಲೆಕ್ಕದಲ್ಲಿ ಓದಬಾರದು, ಅಲ್ಲಿ ಗೆರೆ ಬರೀ ನೆರಳಾಗಿರಬಹುದು.

ಇನ್ನು ಅರ್ಥದ ಮಾತು. ಬಣ್ಣಕ್ಕೊಂದು ಗುಣ, ಪ್ರಾಣಿಗೊಂದು ನೀತಿ ಎಂಬ ಪಟ್ಟಿಗಳನ್ನು ನಂತರದ ಗ್ರಂಥಕಾರರು ಉತ್ಸಾಹದಿಂದ ಬರೆದರು. ಇವತ್ತಿಗೂ ಸ್ಮರಣಿಕೆ ಅಂಗಡಿಗಳು ಅವನ್ನೇ ಮಾರುತ್ತವೆ. ಮೊದಲ ಗುರಾಣಿಗಳ ಹಿಂದೆ ಇದ್ದದ್ದು ಬೇರೆ ಲೆಕ್ಕ: ಯಾರ ವಂಶ, ಯಾರ ಒಡೆತನ, ಎಷ್ಟೋ ಸಲ ಬರೀ ಹೆಸರಿನ ಮೇಲಿನ ಚಮತ್ಕಾರ. ಕ್ಯಾಸ್ಟೀಲ್ ರಾಜ್ಯಕ್ಕೆ ಕೋಟೆ, ಲಿಯೋನ್ ರಾಜ್ಯಕ್ಕೆ ಸಿಂಹ, ಬರ್ನ್ ನಗರಕ್ಕೆ ಕರಡಿ; ಅಲ್ಲಿನ ನುಡಿಗಳಲ್ಲಿ ಈ ಆಕೃತಿಯ ಹೆಸರು ಊರಿನ ಹೆಸರನ್ನೇ ದನಿಸುತ್ತದೆ.

ನಮ್ಮಲ್ಲಿ ಗುರುತುಗಳಿಗೆ ಬರವಿರಲಿಲ್ಲ. ಕದಂಬರದು ಸಿಂಹ ಲಾಂಛನ, ವಾನರ ಧ್ವಜ. ಬಾದಾಮಿ ಚಾಲುಕ್ಯರದು ವರಾಹ. ಗಂಗರದು ಆನೆ. ವಿಜಯನಗರದ ವರಾಹ ಚಿನ್ನದ ನಾಣ್ಯಕ್ಕೆ ಹೆಸರನ್ನೇ ಕೊಟ್ಟಿತು. ಆದರೆ ಇವು ರಾಜಮುದ್ರೆಯಲ್ಲಿ, ತಾಮ್ರಪಟದ ಬಳೆಯಲ್ಲಿ, ಬಾವುಟದಲ್ಲಿ, ನಾಣ್ಯದಲ್ಲಿ ಇದ್ದ ಗುರುತುಗಳು. ಅಣ್ಣನದು ಹೀಗೆ, ತಮ್ಮನದು ಹಾಗೆ ಎಂಬ ವಿಂಗಡಣೆ ಇರಲಿಲ್ಲ. ಗುರಾಣಿಯ ಆಕಾರದ ಹಂಗೂ ಇರಲಿಲ್ಲ.

ಗಂಡಭೇರುಂಡದ ರೂಪವೂ ಒಂದೇ ಆಗಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ, ಕಲ್ಯಾಣ ಚಾಲುಕ್ಯರ ಕೆಳಗೆ ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸ ನಿಲ್ಲಿಸಿದ ಕಂಬದ ತುದಿಯಲ್ಲಿರುವುದು ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಪೂರ್ತಿ ಹಕ್ಕಿ. ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳು. ಬೇಲೂರಿನ ಚೆನ್ನಕೇಶವ ಗುಡಿಯ ಕೆತ್ತನೆಯೊಂದು ಒಂದನ್ನೊಂದು ನುಂಗುವ ಸರಪಳಿ ತೋರಿಸುತ್ತದೆ: ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ ಎಂಬ ಪುರಾಣದ ಮೃಗ, ಶರಭದ ಮೇಲೆ ಗಂಡಭೇರುಂಡ. ಅಂದರೆ ಹಕ್ಕಿಯ ಹಿರಿಮೆ ಇರುವುದೇ ಶರಭವನ್ನು ಗೆಲ್ಲುವುದರಲ್ಲಿ.

ಯುರೋಪಿನ ಎರಡು ತಲೆಯ ಹದ್ದಿಗೂ ಇದಕ್ಕೂ ಗಂಟು ಹಾಕುವ ಆಸೆ ಹಲವರಿಗೆ. ಟರ್ಕಿಯ ಅಲಾಜಾ ಹೊಯೂಕ್‌ನ ಹಿಟ್ಟೈಟ್ ಶಿಲ್ಪದಲ್ಲೂ ತಕ್ಷಶಿಲೆಯ ಸಿರ್ಕಪ್‌ನ ಸ್ತೂಪದಲ್ಲೂ ಎರಡು ತಲೆಯ ಹಕ್ಕಿ ಇದೆ. ರಷ್ಯಾದ ಮೂರನೆಯ ಇವಾನ್ ಅದನ್ನು ತನ್ನ ಮುದ್ರೆಗೆ ತಂದದ್ದು 1497ರಲ್ಲಿ. ಆಕೃತಿ ಹೋಲುತ್ತದೆ ಎಂಬ ಮಾತ್ರಕ್ಕೆ ನಂಟು ಸಿದ್ಧವಾಗುವುದಿಲ್ಲ; ಆನೆಯನ್ನು ಎತ್ತಿಹಿಡಿದ ಹಕ್ಕಿಯ ಕತೆ ಇಲ್ಲಿಯದೇ.

ಗುರಾಣಿ ಬಂದದ್ದು ದರ್ಬಾರಿನ ಮೂಲಕ. ವಿಕ್ಟೋರಿಯಾ ಭಾರತದ ಸಾಮ್ರಾಜ್ಞಿ ಎಂದು ಸಾರಲು ವೈಸರಾಯ್ ಲಿಟ್ಟನ್ 1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆಸಿದ. ದೊಡ್ಡ ಸಂಸ್ಥಾನಿಕರಿಗೆಲ್ಲ ಒಂದೊಂದು ರೇಷ್ಮೆ ಬಾವುಟ, ಅದರ ಮೇಲೆ ಒಂದೊಂದು ಕೋಟ್ ಆಫ್ ಆರ್ಮ್ಸ್. ಇವುಗಳನ್ನು ರಚಿಸಿದವನು ಬಂಗಾಳದ ಸಿವಿಲ್ ಸರ್ವೀಸಿನ ರಾಬರ್ಟ್ ಟೇಲರ್. ಮನೆತನದ ಪುರಾಣ, ಕುಲದೇವರು, ಚರಿತ್ರೆಯ ಘಟನೆ, ಸೀಮೆಯ ಬೆಟ್ಟಗುಡ್ಡ, ಹೀಗೆ ಸಿಕ್ಕಿದ್ದನ್ನೆಲ್ಲ ಆತ ಇಂಗ್ಲಿಷ್ ಗುರಾಣಿಯೊಳಗೆ ಕೂರಿಸಿದ. ಉದಯಪುರಕ್ಕೆ ಸೂರ್ಯ, ಇಕ್ಕೆಲದಲ್ಲಿ ಒಬ್ಬ ರಜಪೂತ, ಒಬ್ಬ ಭಿಲ್ಲ. ಶಾಸ್ತ್ರ ಸರಿಯಿದ್ದರೂ ಸಾಮಾನು ಕೈಕೊಟ್ಟಿತು: ಬಾವುಟಗಳ ಹಿತ್ತಾಳೆಯ ಕಂಬಗಳು ಒಬ್ಬ ಆಳು ಎತ್ತಲಾರದಷ್ಟು ಭಾರವಾಗಿದ್ದವು.

ಆಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು, ಚಾಮರಾಜೇಂದ್ರ ಒಡೆಯರ್ ಹದಿಮೂರರ ಬಾಲಕ. ರಾಜ್ಯ ಮರಳಿ ಅವರ ಕೈಗೆ ಬಂದದ್ದು 1881ರಲ್ಲಿ. ಗಂಡಭೇರುಂಡವನ್ನು ಗುರಾಣಿಯಲ್ಲಿಟ್ಟು, ಆನೆಮುಖದ ಸಿಂಹಗಳನ್ನು ಇಕ್ಕೆಲಕ್ಕೆ ನಿಲ್ಲಿಸಿದ ಮೈಸೂರಿನ ಲಾಂಛನ ಈ ಪದ್ಧತಿಯ ಫಲ. ಆ ಪ್ರಾಣಿಗಳನ್ನು ಮೈಸೂರಿನಲ್ಲಿ ಶರಭ ಎಂದೇ ಕರೆಯುತ್ತಾರೆ. ಬೇಲೂರಿನ ಸರಪಳಿಯಲ್ಲಿ ಹಕ್ಕಿಗೆ ಆಹಾರವಾದದ್ದು ಇಲ್ಲಿ ಅದೇ ಹಕ್ಕಿಗೆ ಕಾವಲು! ಯುರೋಪಿನ ಶಾಸ್ತ್ರ ಇಬ್ಬರು ಕಾವಲುಗಾರರನ್ನು ಕೇಳಿತು, ನಮ್ಮ ಶಿಲ್ಪದ ಭಂಡಾರ ಇವರನ್ನು ಒದಗಿಸಿತು. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯವೂ ಹಕ್ಕಿ ಮತ್ತು ಶರಭಗಳನ್ನು ಉಳಿಸಿಕೊಂಡು "ನ ಹಿ ಜ್ಞಾನೇನ ಸದೃಶಂ" ಎಂಬ ಭಗವದ್ಗೀತೆಯ ಮಾತನ್ನು ಸೇರಿಸಿಕೊಂಡಿತು.

ಒಡೆಯರ ಹಕ್ಕಿ ಮೈಸೂರು ರಾಜ್ಯದ್ದಾಗಿ, 1973ರ ನವೆಂಬರ್ 1ರಂದು ಹೆಸರು ಬದಲಾದ ಮೇಲೆ ಕರ್ನಾಟಕದ್ದಾಯಿತು. ರಾಜ ಹೋದ ಮೇಲೆ ಗುರಾಣಿಯ ಮೇಲೆ ಸಿಂಹಗಳು, ಕೆಳಗೆ ನಾಗರಿ ಲಿಪಿಯ "ಸತ್ಯಮೇವ ಜಯತೇ". 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ನಾಡಧ್ವಜದ ವಿನ್ಯಾಸದಲ್ಲಿ ಹಳದಿ ಮತ್ತು ಕೆಂಪಿನ ನಡುವೆ ಬಿಳಿ ಪಟ್ಟಿ ಸೇರಿಸಿ, ಇದೇ ಲಾಂಛನವನ್ನು ಅಲ್ಲಿ ಕೂರಿಸಲಾಗಿತ್ತು. ಕೆಂಪು ಗುರಾಣಿಗೆ ಬಿಳಿ ಹಿನ್ನೆಲೆ ಎಂದರೆ ಹೆರಾಲ್ಡ್‌ಗಳೂ ತಲೆದೂಗುವ ಆಯ್ಕೆ.

ತುದಿಯ ಸಿಂಹಗಳು ಬಂದದ್ದರಿಂದ ಲಾಂಛನಕ್ಕೆ ಇನ್ನೊಂದು ಕಾವಲೂ ಬಿದ್ದಿದೆ. 2005ರ ರಾಷ್ಟ್ರ ಲಾಂಛನ ಕಾಯ್ದೆ ಮತ್ತು 2007ರ ನಿಯಮಗಳ ಪ್ರಕಾರ ಯಾವುದೇ ರಾಜ್ಯ ಸಿಂಹಗಳನ್ನು ತನ್ನ ಲಾಂಛನದಲ್ಲಿ ಹೊಸದಾಗಿ ಸೇರಿಸಿಕೊಳ್ಳಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಸಿಂಹಗಳ ಕೆಳಗೆ ಧ್ಯೇಯವಾಕ್ಯ ಇಲ್ಲದಿದ್ದರೆ ರಾಷ್ಟ್ರ ಲಾಂಛನ ಅಪೂರ್ಣ. ಮಾಜಿ ಮಂತ್ರಿ, ಮಾಜಿ ಶಾಸಕರು ಲೆಟರ್‌ಹೆಡ್ ಮೇಲೆ ಅದನ್ನು ಅಚ್ಚು ಹಾಕಿಸುವಂತಿಲ್ಲ. ಅನಧಿಕೃತ ಬಳಕೆಗೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.