ಇನ್ ಎಕ್ಸ್‌ಟ್ರೆಮೊ: ಬ್ಯಾಗ್‌ಪೈಪಿಗೂ ಮೆಟಲ್ ಗಿಟಾರಿಗೂ ಹೊಂದುವ ಲೆಕ್ಕ

1995ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಇನ್ ಎಕ್ಸ್‌ಟ್ರೆಮೊ ತಂಡದ ವೇದಿಕೆಯಲ್ಲಿ ಬ್ಯಾಗ್‌ಪೈಪು (ಚೀಲದಲ್ಲಿ ಗಾಳಿ ತುಂಬಿ ನುಡಿಸುವ ಕೊಳವೆವಾದ್ಯ), ಹರ್ಡಿಗರ್ಡಿ (ಚಕ್ರ ತಿರುಗಿಸಿ ನುಡಿಸುವ ತಂತಿವಾದ್ಯ), ಹಾರ್ಪ್‌ಗಳ ಪಕ್ಕದಲ್ಲೇ ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು ಇರುತ್ತವೆ. ಎಲ್ಲಿಂದೆಲ್ಲಿಯೋ ವಾದ್ಯಗಳನ್ನು ತಂದು ಬಲವಂತವಾಗಿ ಕೂಡಿಸಿದ್ದಾರೆ ಎಂದು ಹಲವರು ಅಂದುಕೊಳ್ಳುತ್ತಾರೆ. ಅದು ತಪ್ಪು. ದನಿಯ ಭೌತವಿಜ್ಞಾನ ನೋಡಿದರೆ ಬ್ಯಾಗ್‌ಪೈಪಿಗೆ ಡಿಸ್ಟಾರ್ಶನ್ (ದನಿಯನ್ನು ಬೇಕೆಂದೇ ಒರಟಾಗಿಸುವ ತಂತ್ರ) ಹಾಕಿದ ಗಿಟಾರಿಗಿಂತ ಹತ್ತಿರದ ಜೊತೆ ಸಿಗುವುದು ಕಷ್ಟ.

ಚೀಲದೊಳಗಿನ ಒತ್ತಡ ಒಂದೇ ಸಮ ಇರಬೇಕಾದ್ದರಿಂದ ಬ್ಯಾಗ್‌ಪೈಪಿನ ದನಿಯ ಜೋರನ್ನು ಏರಿಸಲೂ ಬರುವುದಿಲ್ಲ, ಇಳಿಸಲೂ ಬರುವುದಿಲ್ಲ. ನಡುವೆ ನಿಲ್ಲಿಸುವುದಂತೂ ಆಗದು. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ಮಧ್ಯೆ ಬೇರೊಂದು ಸ್ವರವನ್ನು ಬೆರಳಿನಿಂದ ಚಕ್ಕನೆ ತಾಗಿಸಿ ಬರಬೇಕು. ಡಿಸ್ಟಾರ್ಶನ್ ಹಾಕಿದ ಗಿಟಾರಿನದೂ ಹೆಚ್ಚುಕಡಿಮೆ ಇದೇ ಸ್ವಭಾವ. ಆಂಪ್ಲಿಫೈಯರು ತರಂಗದ ತುದಿಗಳನ್ನು ಕತ್ತರಿಸಿಬಿಡುವುದರಿಂದ ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಹತ್ತಿರಹತ್ತಿರ ಒಂದೇ ಮಟ್ಟಕ್ಕೆ ಬರುತ್ತವೆ, ಸ್ವರ ಎಳೆದುಕೊಂಡು ನಿಲ್ಲುತ್ತದೆ. ಎರಡರಲ್ಲೂ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳು) ತುಂಬಿ ತುಳುಕುತ್ತವೆ.

ಇನ್ನು ಪಂಚಮದ ಲೆಕ್ಕ. ಬ್ಯಾಗ್‌ಪೈಪಿನ ಡ್ರೋನ್ ಕೊಳವೆಗಳು ನಮ್ಮ ಶ್ರುತಿಪೆಟ್ಟಿಗೆಯ ಹಾಗೆ ಷಡ್ಜವನ್ನು, ಹಲವು ಪೈಪುಗಳಲ್ಲಿ ಜೊತೆಗೆ ಪಂಚಮವನ್ನೂ, ಬಿಡದೆ ನುಡಿಯುತ್ತಿರುತ್ತವೆ. ಮೆಟಲ್ ಗಿಟಾರಿಸ್ಟರು ಪವರ್ ಕಾರ್ಡ್ ಎನ್ನುವುದೂ ಷಡ್ಜ–ಪಂಚಮವನ್ನೇ. ಅವರು ಗಾಂಧಾರವನ್ನು ಬಿಡುವುದಕ್ಕೆ ಗಟ್ಟಿ ಕಾರಣವಿದೆ. ಡಿಸ್ಟಾರ್ಶನ್ ಎರಡು ಸ್ವರಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹೊಸ ಸ್ವರಗಳಾಗಿ ಹುಟ್ಟಿಸುತ್ತದೆ. 110 ಹರ್ಟ್ಸ್ ಷಡ್ಜಕ್ಕೆ ಗಿಟಾರಿನ ಪಂಚಮ 164.81, ವ್ಯತ್ಯಾಸ ಸುಮಾರು 55, ಅಂದರೆ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿನ ಷಡ್ಜ. ಯಾರೂ ಮೀಟದ ಮಂದ್ರ ಸ್ವರವೊಂದು ತಾನಾಗಿ ಎದ್ದು ನಿಲ್ಲುತ್ತದೆ! ಷಡ್ಜದ ಮೂರನೆಯ ಹಾರ್ಮೋನಿಕ್ 330, ಪಂಚಮದ ಎರಡನೆಯದು 329.63, ಎರಡರ ನಡುವಿನ ತೊನೆತ (ದನಿ ಅಲೆಯಾಗಿ ಏರಿಳಿಯುವುದು) ಸುಮಾರು ಮೂರು ಸೆಕೆಂಡಿಗೆ ಒಂದು ಸಲವಷ್ಟೇ, ಕಿವಿಗೆ ತೊಂದರೆಯಿಲ್ಲ. ಅದೇ ಅಂತರ ಗಾಂಧಾರ (138.59) ಸೇರಿಸಿದರೆ ಷಡ್ಜದ ಐದನೆಯ ಹಾರ್ಮೋನಿಕ್ 550, ಗಾಂಧಾರದ ನಾಲ್ಕನೆಯದು 554.4, ಎರಡೂ ಡಿಕ್ಕಿ ಹೊಡೆದು ಸೆಕೆಂಡಿಗೆ ನಾಲ್ಕಕ್ಕೂ ಹೆಚ್ಚು ಸಲ ತೊನೆಯುತ್ತವೆ. ಡಿಸ್ಟಾರ್ಶನ್ ಅದನ್ನು ಹಿಗ್ಗಿಸಿ ಕೆಸರು ಮಾಡುತ್ತದೆ.

ಆದ್ದರಿಂದ ಪೈಪಿನ ಮೈಕನ್ನು ಡಿಸ್ಟಾರ್ಶನ್ ಆಂಪಿಗೆ ಕೊಡಲೇಬಾರದು. ರಾಗ ನುಡಿಸುವ ಕೊಳವೆ ಡ್ರೋನಿನ ಮೇಲೆ ಎಲ್ಲ ಸ್ವರಗಳನ್ನೂ ಹಾದುಹೋಗುತ್ತದೆ. ಪ್ರತಿಯೊಂದಕ್ಕೂ ಈ ಮೊತ್ತ–ವ್ಯತ್ಯಾಸಗಳ ಗಲಾಟೆ ಅಂಟಿಕೊಳ್ಳುತ್ತದೆ. ಪೈಪು ಶುದ್ಧವಾಗಿಯೇ ಹೋಗಬೇಕು. ಮೈಕನ್ನು ಕೊಳವೆಯ ಬಾಯಿಗೆ ಮಾತ್ರ ಇಟ್ಟರೂ ಕೆಟ್ಟಿತು: ಮೇಲಿನ ಸ್ವರಗಳು ಬಹುಪಾಲು ತೆರೆದ ಬೆರಳುತೂತುಗಳಿಂದಲೇ ಹೊರಬೀಳುತ್ತವೆ. 15–20 ಸೆಂಟಿಮೀಟರ್ ದೂರದಲ್ಲಿ ತೂತುಗಳ ಸಾಲಿನ ನಡುವಿಗೆ ಗುರಿಯಿಟ್ಟರೆ ಎಲ್ಲವೂ ಸಮನಾಗಿ ಸಿಗುತ್ತವೆ.

ಇಲ್ಲಿ ಚರಿತ್ರೆಯ ಒಂದು ಮಾತು ಹೇಳಲೇಬೇಕು. ಜರ್ಮನಿಯಲ್ಲಿ ಈಗ ನಡೆಯುವ ಮಧ್ಯಯುಗ ಶೈಲಿಯ ಸಂತೆಗಳಲ್ಲಿ ಮೊಳಗುವ ಮಾರ್ಕ್ಟ್‌ಸಾಕ್‌ಫೈಫೆ ಎಂಬ ಜೋರುದನಿಯ ಪೈಪು ಮಧ್ಯಯುಗದ್ದಲ್ಲ. 1980ರ ದಶಕದ ಪೂರ್ವ ಜರ್ಮನಿಯಲ್ಲಿ ರೂಪುಗೊಂಡದ್ದು. ಹಾಡುಗಳದೂ ಒಂದೊಂದು ಕಥೆ. ತಂಡ 1998ರಲ್ಲಿ ಹಾಡಿದ ‘ಪಾಲೆಸ್ಟೀನಾಲೀಡ್’ ಜರ್ಮನ್ ಕವಿ ವಾಲ್ಟರ್ ಫಾನ್ ಡೆರ್ ಫೋಗಲ್ವೈಡೆಯದು, 13ನೇ ಶತಮಾನದ್ದು. ಅದರ ರಾಗ ಮ್ಯೂನ್‌ಸ್ಟರ್ ಹಸ್ತಪ್ರತಿಯ ತುಣುಕಿನಲ್ಲಿ ಉಳಿದಿದೆ, ಆದರೆ ಆ ಲಿಪಿ ಸ್ವರದ ಎತ್ತರವನ್ನು ತಿಳಿಸುತ್ತದೆಯೇ ಹೊರತು ಕಾಲವನ್ನಲ್ಲ. ಡ್ರಮ್ಮಿನ ತಾಳವೆಲ್ಲ ಇಂದಿನವರ ಆಯ್ಕೆ. ತಂಡದವರೇ ಹಾಡಿರುವ ಮೆರ್ಸೆಬುರ್ಗ್ ಮಂತ್ರಗಳೆಂಬ ಎರಡು ಹಳೆಯ ಜರ್ಮನ್ ಮಂತ್ರಗಳು 10ನೇ ಶತಮಾನದ ಬರಹದಲ್ಲಿ ಇವೆ, 1841ರಲ್ಲಿ ಸಿಕ್ಕವು. ಅವಕ್ಕೆ ರಾಗವೇ ಉಳಿದಿಲ್ಲ. ಅವುಗಳಲ್ಲಿ ಒಂದು ಕುದುರೆಯ ಉಳುಕಿದ ಕಾಲಿಗೆ ಹೇಳಿದ್ದು. ಆ ಮಾತುಗಳಿಗೆ ಈಗಿನ ಹಾಡಿನಲ್ಲಿ ‘ಪ್ರಾಚೀನ ನಾದಶಕ್ತಿ’ ಇದೆ ಎಂದು ನಂಬುವವರು ಇದನ್ನು ನೆನಪಿಡಬೇಕು: ಶಕ್ತಿಯೆಂದು ಅನಿಸುವುದು ಮೇಲೆ ಹೇಳಿದ 55 ಹರ್ಟ್ಸ್‌ನಂಥದ್ದು, ಅದನ್ನು ಅಳೆಯಬಹುದು.

ವೇದಿಕೆಯಲ್ಲಿ ನಿಜವಾದ ಶತ್ರು ಬಿಸಿ. ಕೊಳವೆಯೊಳಗಿನ ಗಾಳಿ 15ರಿಂದ 25 ಡಿಗ್ರಿಗೆ ಏರಿದರೆ ಶಬ್ದವೇಗ ಹೆಚ್ಚಿ ಪೈಪಿನ ಶ್ರುತಿ ಸುಮಾರು 30 ಸೆಂಟ್ (ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಪಾಲು) ಏರುತ್ತದೆ. 440 ಹರ್ಟ್ಸ್ 447 ದಾಟುತ್ತದೆ. ಗಿಟಾರಿನ ಉಕ್ಕಿನ ತಂತಿ ಅದೇ ಬಿಸಿಗೆ ಹಿಗ್ಗಿ ಸಡಿಲವಾಗಿ ಇಳಿಯುತ್ತದೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಅದಕ್ಕೇ ಪೈಪನ್ನು ಮೊದಲು ಊದಿ ಬೆಚ್ಚಗಾಗಿಸಿ, ಆಮೇಲೆ ಶ್ರುತಿ ಕೂಡಿಸಬೇಕು. ತಣ್ಣಗಿದ್ದಾಗ ಕೂಡಿಸಿದರೆ ಎರಡನೇ ಹಾಡಿಗೆ ತಪ್ಪುತ್ತದೆ.

ಬಿಸಿ ಸರಿಹೋದರೂ ಮೂರನೇ ಸ್ವರದ, ಅಂದರೆ ಗಾಂಧಾರದ, ತೊಡಕು ಉಳಿಯುತ್ತದೆ. ಷಡ್ಜವನ್ನು ಎ ಸ್ವರಕ್ಕಿಟ್ಟ ಡ್ರೋನಿಗೆ ಶುದ್ಧವಾಗಿ ಕೂಡಿಸಿದ ಸಿ (ಸಾಧಾರಣ ಗಾಂಧಾರ) 528 ಹರ್ಟ್ಸ್, ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಗಿಟಾರಿನ ಸಿ 523.25. ಇಬ್ಬರೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಸುಮಾರು 5 ತೊನೆತ. ಪೈಪಿನವರು ಆ ಸ್ವರದ ತೂತಿನ ಮೇಲಂಚಿಗೆ ತೆಳ್ಳಗೆ ಮೇಣವನ್ನೋ ಟೇಪನ್ನೋ ಅಂಟಿಸಿ ಶ್ರುತಿಯನ್ನು ಇಳಿಸಿಕೊಳ್ಳುತ್ತಾರೆ. ಆಗ ಗಿಟಾರಿಗೆ ಹೊಂದುತ್ತದೆ, ತಮ್ಮದೇ ಡ್ರೋನಿಗೆ ತುಸು ತಪ್ಪುತ್ತದೆ. ಗಿಟಾರು ಜೋರಾಗಿರುವ ಭಾಗದಲ್ಲಿ ಈ ತಪ್ಪು ಕೇಳಿಸುವುದಿಲ್ಲ. ಪೈಪು ಒಂಟಿಯಾಗಿ ಶುರುವಾಗುವ ಕಡೆ ಮಾತ್ರ ಡ್ರೋನಿನ ಬಾಯಿಗೆ ಬಿರಡೆ ಹಾಕಿದರಾಯಿತು.