ಫ್ರೆಡ್ಡಿ ಗ್ರೀನ್ ಗಿಟಾರ್: ಮೂರು ಬೆರಳು, ಕೇಳುವುದು ಒಂದೇ ಸ್ವರ

ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್ ಕೌಂಟ್ ಬೇಸಿಯವರ ಜಾಜ್ ಬ್ಯಾಂಡ್ ಸೇರಿದ್ದು 1937ರಲ್ಲಿ. 1984ರಲ್ಲಿ ಬೇಸಿ ತೀರಿಕೊಂಡರು, ಬ್ಯಾಂಡ್ ಥ್ಯಾಡ್ ಜೋನ್ಸ್ ಕೈಗೆ, ಆಮೇಲೆ ಫ್ರ್ಯಾಂಕ್ ಫಾಸ್ಟರ್ ಕೈಗೆ ಹೋಯಿತು. ಗ್ರೀನ್ ಮಾತ್ರ 1987ರ ಮಾರ್ಚ್ 1ರಂದು ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಸೋಲೋ ತೀರಾ ಅಪರೂಪ. ಆಂಪ್ಲಿಫೈಯರ್ ಬೇಡದ ಆರ್ಚ್‌ಟಾಪ್ (ಮೇಲ್ಮೈ ಕಮಾನಿನಂತೆ ಉಬ್ಬಿದ) ಗಿಟಾರ್, ಬಾರ್‌ಗೆ (ನಾಲ್ಕು ಎಣಿಕೆಯ ಒಂದು ಆವರ್ತಕ್ಕೆ) ನಾಲ್ಕು ಮೀಟು, ಅಷ್ಟೆ.

ಆರೂ ತಂತಿ ಒತ್ತಿ ಬಾರಿಸಿದರೆ ಗ್ರೀನ್ ಅವರ ನಾದ ಬರುವುದಿಲ್ಲ. ದಪ್ಪ ತಂತಿಗಳು ಬಾಸ್ ಮೇಲೆ, ಸಣ್ಣವು ಪಿಯಾನೋ ಮತ್ತು ಸ್ಯಾಕ್ಸೊಫೋನ್ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರ. ಖಾಲಿ ಉಳಿಯುವ ಜಾಗ ನಡುವಿನದು, ಅಂದರೆ 4ನೆಯ ತಂತಿ. (ಎಣಿಕೆ ಸಣ್ಣ ತಂತಿಯಿಂದ, ಎಲ್ಲಕ್ಕಿಂತ ದಪ್ಪದ್ದು 6ನೆಯದು.)

ಜಿ ಸ್ವರದ ಬ್ಲೂಸ್‌ಗೆ (12 ಬಾರ್‌ಗೊಮ್ಮೆ ಸುತ್ತುವ ಹಾಡಿನ ರೂಪ) ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಾಕು. ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡ ಕಂಬಿ. ಜಿ7: 6ನೆಯ ತಂತಿ 3ನೆಯ ಫ್ರೆಟ್ ನಡುಬೆರಳು, 4ನೆಯ ತಂತಿ 3ನೆಯ ಫ್ರೆಟ್ ಉಂಗುರಬೆರಳು, 3ನೆಯ ತಂತಿ 4ನೆಯ ಫ್ರೆಟ್ ಕಿರುಬೆರಳು. ಸಿ7ಗೆ ನಡುಬೆರಳು ಕದಲಬಾರದು. 4ನೆಯ ತಂತಿ 2ನೆಯ ಫ್ರೆಟ್‌ಗೆ ತೋರುಬೆರಳು, 3ನೆಯ ತಂತಿ 3ನೆಯ ಫ್ರೆಟ್‌ಗೆ ಉಂಗುರಬೆರಳು. ಡಿ7 ಎಂದರೆ ಸಿ7 ಆಕಾರವೇ, ಗಿಟಾರಿನ ಒಡಲಿನ ಕಡೆಗೆ ಎರಡು ಫ್ರೆಟ್ ಸರಿಸಿದ್ದು. ಈಗ 4ನೆಯ ತಂತಿಯನ್ನಷ್ಟೇ ನೋಡಿ: ಜಿ7ನಲ್ಲಿ ಎಫ್, ಸಿ7ನಲ್ಲಿ ಇ, ಡಿ7ನಲ್ಲಿ ಎಫ್ ಶಾರ್ಪ್. ಮೂರು ಫ್ರೆಟ್ ಒಳಗೇ ಒಂದು ಪುಟ್ಟ ರಾಗ!

ಎಡವುವುದು ಇಲ್ಲಿ. ಮೂರೂ ಬೆರಳು ಸಮನಾಗಿ ಒತ್ತಬಾರದು. 4ನೆಯ ತಂತಿಯ ಬೆರಳು ಮಾತ್ರ ಗಟ್ಟಿ. ಉಳಿದೆರಡು ಬೆರಳು ತಂತಿಗೆ ತಾಗಿರಬೇಕು, ತಂತಿ ಫ್ರೆಟ್‌ಗೆ ತಾಗಬಾರದು. 5ನೆಯ ತಂತಿಯನ್ನು ನಡುಬೆರಳಿನ ತುದಿ ಸವರಿ ಮುಚ್ಚುತ್ತದೆ. ಪಿಕ್ (ಮೀಟುವ ಬಿಲ್ಲೆ) 6ನೆಯ ತಂತಿಯಿಂದ 3ನೆಯದರವರೆಗೆ ಪೂರ್ತಿ ಹಾಯಲಿ. 4ರಿಂದ ಸ್ವರ, ಮಿಕ್ಕವುಗಳಿಂದ ಬರೀ 'ಟಕ್'. ಆ ಟಕ್ ಬೇಕೇ ಬೇಕು, ಅದು ಡ್ರಮ್ ಜೊತೆ ಸೇರುವ ಭಾಗ. ಹಾಗಂತ 4ನೆಯ ತಂತಿಯನ್ನಷ್ಟೇ ಮೀಟಿದರೆ ಸಪ್ಪೆ.

ಡಿ7ಗೆ ಬಂದಾಗ ಇನ್ನೊಂದು ಕಾಟ: ಸದ್ದಡಗಬೇಕಾದ 6 ಮತ್ತು 3ನೆಯ ತಂತಿಗಳು ಗಂಟೆಯಂತೆ 'ಟಿಂಗ್' ಎನ್ನುತ್ತವೆ. 5ನೆಯ ಫ್ರೆಟ್ ಕಂಬಿ ಇರುವುದು ತಂತಿಯ ಉದ್ದದ ಕಾಲುಭಾಗದಲ್ಲಿ. ಅದರ ನೇರಕ್ಕೆ ಹಗುರವಾಗಿ ಮುಟ್ಟಿದರೆ ಹಾರ್ಮೋನಿಕ್ (ಗಂಟೆಯಂಥ ತೆಳು, ಏರು ಸ್ವರ) ಹುಟ್ಟುತ್ತದೆ. ಬೆರಳನ್ನು ಕಂಬಿಯಿಂದ ಹಿಂದೆ ಸರಿಸಿ, ತುಸು ಚಪ್ಪಟೆ ಮಾಡಿ. ಆಗಲೂ ಹೋಗದಿದ್ದರೆ ಕೆಲಸವಿಲ್ಲದ ಕಿರುಬೆರಳನ್ನೂ 3ನೆಯ ತಂತಿಯ ಮೇಲೆ ಮಲಗಿಸಿ. ಎರಡು ಕಡೆ ಮುಟ್ಟಿದ ತಂತಿ ಟಿಂಗ್ ಎನ್ನುವುದು ಕಷ್ಟ.

ಬಲಗೈ: ಎಲ್ಲ ಮೀಟೂ ಕೆಳಮುಖ, ಪ್ರತಿ ಬಾರ್‌ನ 2 ಮತ್ತು 4ನೆಯ ಮೀಟಿಗೆ ತುಸು ಒತ್ತು. ಮೀಟಿದ ಕೂಡಲೇ ಎಡಗೈ ಸಡಿಲಿಸಿ, ಎತ್ತಬೇಡಿ. ಮೆಟ್ರೋನೋಮ್ (ತಾಳ ಹಾಕುವ ಯಂತ್ರ) ನಿಮಿಷಕ್ಕೆ 160ರಲ್ಲಿ ಇದ್ದರೆ ಬ್ಲೂಸ್‌ನ ಒಂದು ಸುತ್ತು, ಅಂದರೆ 12 ಬಾರ್, 48 ಮೀಟು, 18 ಸೆಕೆಂಡು. ಹತ್ತು ಸುತ್ತು ಓಡದೆ, ಎಳೆಯದೆ ಹೋಗುತ್ತದೆಯೇ ನೋಡಿ.

ಗ್ರೀನ್ ತಂತಿಗಳನ್ನು ಫ್ರೆಟ್‌ಬೋರ್ಡಿನಿಂದ ತುಂಬ ಎತ್ತರದಲ್ಲಿ ಇಟ್ಟುಕೊಳ್ಳುತ್ತಿದ್ದರು. ತಗ್ಗಿದ್ದರೆ ಜೋರು ಮೀಟಿಗೆ ತಂತಿ ಫ್ರೆಟ್‌ಗೆ ಬಡಿದು ಗುರ್ ಎನ್ನುತ್ತದೆ. ಕಲಿಯುವಾಗ ಅವರಷ್ಟು ಎತ್ತರ ಬೇಡ, ಬೆರಳು ಸೋಲುತ್ತದೆ.

ಕೇಳಲು 1957ರ 'ಲಿಲ್ ಡಾರ್ಲಿನ್' ಒಳ್ಳೆಯದು. ವೇಗ ಕಡಿಮೆ, ಪ್ರತಿ ಮೀಟೂ ಬಿಡಿಬಿಡಿಯಾಗಿ ಸಿಗುತ್ತದೆ.