ಹಳೇ ಡೇಟಾ ಲಾಗರ್ ತಪ್ಪು ರೀಡಿಂಗ್ ಕೊಡುತ್ತಿದೆ, ಹೊಸದು ತರಬೇಕಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಡ್ರೈಯರ್ ಉಷ್ಣಾಂಶ ದಾಖಲಿಸೋಕೆ 8 ಚಾನೆಲ್‌ನ (ಅಂದರೆ 8 ಸೆನ್ಸರ್ ಜೋಡಿಸಬಹುದಾದ) ಡೇಟಾ ಲಾಗರ್ ಇದೆ, 15 ವರ್ಷ ಹಳೆಯದು. ಎಲ್ಲವೂ ಮೂರು ವೈರಿನ ಪಿಟಿ-100 ಸೆನ್ಸರ್. ಈಚೆಗೆ ಎರಡು ಚಾನೆಲ್ ಮನಸ್ಸಿಗೆ ಬಂದ ಹಾಗೆ ತೋರಿಸುತ್ತಿವೆ. ಸೆನ್ಸರ್ ಬದಲಿಸಿದರೂ ಸರಿಹೋಗಲಿಲ್ಲ. ಪೂರ್ತಿ ಹೊಸದೇ ತರಬೇಕಾ?

ಉತ್ತರ: ಇಷ್ಟು ಬೇಗ ಬೇಡ. ಎಂಟರಲ್ಲಿ ಆರು ಸರಿ ಇವೆ ಅನ್ನೋದೇ ದೊಡ್ಡ ಸುಳಿವು. ಇಂಥ ಲಾಗರ್‌ಗಳಲ್ಲಿ ಸಾಮಾನ್ಯವಾಗಿ ಅಳೆಯುವ ಚಿಪ್ ಒಂದೇ ಇರುತ್ತದೆ. ಅದು ಒಂದಾದ ಮೇಲೆ ಒಂದರಂತೆ ಎಲ್ಲ ಚಾನೆಲ್‌ಗಳನ್ನೂ ಓದುತ್ತದೆ. ಆ ಚಿಪ್ಪೋ, ಅದು ಅಳತೆಗೋಲಾಗಿ ಬಳಸುವ ರೆಫರೆನ್ಸ್ ವೋಲ್ಟೇಜೋ ಕೆಟ್ಟಿದ್ದರೆ ಎಂಟೂ ತಪ್ಪಬೇಕಿತ್ತು, ಅಲ್ವಾ?

ಮೊದಲ ಕೆಲಸಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. ಟರ್ಮಿನಲ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಕೆಟ್ಟ ಚಾನೆಲ್‌ನ ವೈರ್‌ಗಳನ್ನು ಒಳ್ಳೆಯ ಚಾನೆಲ್‌ಗೂ, ಅದರದ್ದನ್ನು ಇಲ್ಲಿಗೂ ಅದಲು ಬದಲು ಮಾಡಿ. ತಪ್ಪು ರೀಡಿಂಗ್ ಆ ವೈರ್‌ಗಳ ಜೊತೆಗೇ ಹೋಯಿತು ಅಂದರೆ ದೋಷ ಹೊರಗಡೆ: ಕೇಬಲ್, ಜಾಯಿಂಟ್ ಅಥವಾ ಸೆನ್ಸರ್. ಅಲ್ಲೇ ಉಳಿಯಿತು ಅಂದರೆ ಲಾಗರ್‌ನ ಆ ಚಾನೆಲ್‌ನಲ್ಲೇ ಇದೆ.

ಇನ್ನೂ ಖಚಿತವಾಗಿ ತಿಳಿಯಬೇಕಾದರೆ 100 ಓಮ್ ಮತ್ತು 120 ಓಮ್‌ನ ಒಂದೊಂದು ರೆಸಿಸ್ಟರ್ ತರಿಸಿಕೊಳ್ಳಿ. ಪಿಟಿ-100 ಅಂದರೆ 0 ಡಿಗ್ರಿಯಲ್ಲಿ 100 ಓಮ್ ರೋಧ ಇರುವ ಪ್ಲಾಟಿನಂ ಸೆನ್ಸರ್. ಒಂದು ಡಿಗ್ರಿ ಏರಿದರೆ ಸುಮಾರು 0.385 ಓಮ್ ಜಾಸ್ತಿಯಾಗುತ್ತದೆ. ಹಾಗಾಗಿ ಸೆನ್ಸರ್ ಜಾಗದಲ್ಲಿ 100 ಓಮ್ ಹಾಕಿದರೆ ಲಾಗರ್ 0 ಡಿಗ್ರಿ ತೋರಿಸಬೇಕು, 120 ಓಮ್ ಹಾಕಿದರೆ 51.6. ಅಂಗಡಿಯಲ್ಲಿ ಸುಮ್ನೆ ಕೇಳಿದರೆ ಬರೆದ ಓಮ್‌ಗಿಂತ 1 ಪರ್ಸೆಂಟ್ ಅಥವಾ 5 ಪರ್ಸೆಂಟ್ ಆಚೀಚೆ ಇರಬಹುದಾದದ್ದು ಕೊಡುತ್ತಾರೆ, ಅದು ಬೇಡ. 120 ಓಮ್‌ಗೆ 1 ಪರ್ಸೆಂಟ್ ಅಂದರೆ 1.2 ಓಮ್, ಅಲ್ಲಿಗೇ 3 ಡಿಗ್ರಿ ಹೋಯಿತು. 0.1 ಪರ್ಸೆಂಟ್‌ನದ್ದೇ ಬೇಕು ಅಂತ ಹೇಳಿ ತರಿಸಿ.

ಆ ರೆಸಿಸ್ಟರನ್ನು ಮೊದಲು ಲಾಗರ್‌ನ ಟರ್ಮಿನಲ್‌ಗೇ ಹಾಕಿ ನೋಡಿ. ಮೂರು ವೈರಿನ ಲೆಕ್ಕದಲ್ಲಿ ಎರಡು ಒಂದು ಕಾಲಿಗೆ, ಒಂದು ಇನ್ನೊಂದು ಕಾಲಿಗೆ ಬರಬೇಕು. ಸರಿ ತೋರಿಸಿದರೆ ಡ್ರೈಯರ್ ಹತ್ತಿರ ಹೋಗಿ, ಸೆನ್ಸರ್ ಬಿಚ್ಚಿ, ಅದೇ ರೆಸಿಸ್ಟರನ್ನು ಕೇಬಲ್‌ನ ಆ ತುದಿಗೆ ಹಾಕಿ. ಇಲ್ಲಿ ತಪ್ಪಿದರೆ ಕಳ್ಳ ಸಿಕ್ಕ ಹಾಗೆ: ಕೇಬಲ್ ಅಥವಾ ವೈರ್‌ಗಳನ್ನು ಜೋಡಿಸುವ ಜಂಕ್ಷನ್ ಬಾಕ್ಸ್. ನೀವು ಸೆನ್ಸರ್ ಬದಲಿಸಿದರೂ ಸರಿಹೋಗಿಲ್ಲವಾದ್ದರಿಂದ ನನ್ನ ಅನುಮಾನ ಇದರ ಮೇಲೇ.

ಮಲೆನಾಡಿನಲ್ಲಿ ಜಂಕ್ಷನ್ ಬಾಕ್ಸ್‌ನ ಕಥೆ ನಿಮಗೆ ಗೊತ್ತಿರೋದೇ. ನಾಲ್ಕು ತಿಂಗಳ ಮಳೆ, ಸಡಿಲವಾದ ಗ್ಲ್ಯಾಂಡ್ (ಕೇಬಲ್ ಒಳಹೋಗುವ ಕಡೆಯ ಬಿಗಿ), ಒಳಗೆ ಇರುವೆ ಗೂಡು. ಇದರಲ್ಲಿ ಎರಡು ಬಗೆಯ ತಪ್ಪು ಹುಟ್ಟುತ್ತದೆ. ಟರ್ಮಿನಲ್‌ಗಳ ನಡುವೆ ತೇವ ಕೂತರೆ ಕರೆಂಟ್ ಸ್ವಲ್ಪ ಅಡ್ಡದಾರಿ ಹಿಡಿಯುತ್ತದೆ, ರೀಡಿಂಗ್ ಇಳಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಕಾಡಿ ಬೇಸಿಗೆಯಲ್ಲಿ ತಾನಾಗೇ ವಾಸಿಯಾಗುವ ಚಾನೆಲ್ ಇದ್ದರೆ ಬಹುಮಟ್ಟಿಗೆ ಇದೇ ಕಾರಣ. ಕಿಲುಬು ಹಿಡಿದರೆ ಬೇರೆ ತರಹ. ಒಂದು ವೈರಿನ ಜಾಯಿಂಟ್‌ನಲ್ಲಿ ಬರೀ 1 ಓಮ್ ಸೇರಿಕೊಂಡರೂ ರೀಡಿಂಗ್ ಸುಮಾರು 2.6 ಡಿಗ್ರಿ ಆಚೀಚೆ ಹೋಗುತ್ತದೆ. ಮೂರನೇ ವೈರ್ ಇರೋದು ಕೇಬಲ್‌ನ ಓಮ್ ಕಳೆಯೋಕೆ ತಾನೇ ಅಂತ ನೀವು ಕೇಳಬಹುದು. ಹೌದು, ಆದರೆ ವೈರ್‌ಗಳೆಲ್ಲ ಒಂದೇ ಸಮ ಇದ್ದಾಗ ಮಾತ್ರ ಆ ಲೆಕ್ಕ ನಡೆಯುತ್ತದೆ. ಒಂದಕ್ಕೆ ಮಾತ್ರ ಕಿಲುಬು ಹಿಡಿದರೆ ಕೆಡುತ್ತದೆ. ವೈರ್ ತುದಿ ಕತ್ತರಿಸಿ, ಹೊಸದಾಗಿ ಸಿಪ್ಪೆ ತೆಗೆದು, ಲಗ್ (ತುದಿಗೆ ಹಾಕುವ ಲೋಹದ ತೊಡಿಗೆ) ಒತ್ತಿ ಬಿಗಿ ಮಾಡಿ. ಎಷ್ಟೋ ಕಡೆ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಬ್ಲೋವರ್ ಮೋಟಾರ್ ಶುರುವಾದಾಗ ಮಾತ್ರ ರೀಡಿಂಗ್ ಕುಣಿಯುತ್ತದಾ? ಹಾಗಿದ್ದರೆ ಸೆನ್ಸರ್ ಕೇಬಲನ್ನು ಮೋಟಾರ್ ಕೇಬಲ್‌ನಿಂದ ದೂರ ಎಳೆಯಿರಿ. ಕೇಬಲ್ ಒಳಗಿನ ಲೋಹದ ಹೊದಿಕೆ, ಅಂದರೆ ಶೀಲ್ಡ್ ಅನ್ನು ಲಾಗರ್ ಕಡೆ ಮಾತ್ರ ಅರ್ತ್ ಮಾಡಿ, ಎರಡೂ ತುದಿಯಲ್ಲಿ ಬೇಡ. ಎಂಟೂ ಚಾನೆಲ್ ಒಟ್ಟಿಗೆ ತಪ್ಪಲು ಶುರುವಾದ ದಿನ ಪವರ್ ಸಪ್ಲೈ ನೋಡಿ. ಹಳೇ ಸಪ್ಲೈನ ಕೆಪಾಸಿಟರ್‌ಗಳು ಒಣಗಿ, ತಲೆ ಉಬ್ಬಿರುತ್ತವೆ. ಏನೂ ಜೋಡಿಸದ ಚಾನೆಲ್ ಪಕ್ಕದ ಚಾನೆಲ್‌ನ ಅಂಕಿಯನ್ನೇ ತೋರಿಸಿದರೆ ಗಾಬರಿ ಬೇಡ. ಖಾಲಿ ಬಿಟ್ಟಿದ್ದಕ್ಕೆ ಹಾಗಾಗುತ್ತದೆ.

ಇನ್ನು ಸಾಫ್ಟ್‌ವೇರ್‌ನಲ್ಲಿ ಆಫ್‌ಸೆಟ್ ಹಾಕಿ, ಅಂದರೆ ರೀಡಿಂಗ್‌ಗೆ ಇಷ್ಟು ಡಿಗ್ರಿ ಕೂಡಿಸಿ ಅಥವಾ ಕಳೆದು, ಸರಿ ಮಾಡೋ ಅಭ್ಯಾಸ. ನನಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ದೋಷ ಹಾಗೇ ಇರುತ್ತದೆ, ಕಣ್ಣಿಗೆ ಕಾಣೋದಿಲ್ಲ ಅಷ್ಟೇ. ಅದರಲ್ಲೂ ಕುದಿಯುವ ನೀರಿಗೆ ಸೆನ್ಸರ್ ಅದ್ದಿ 100ಕ್ಕೆ ಹೊಂದಿಸುವವರು ನಮ್ಮ ಕಡೆ ಇದ್ದಾರೆ. ಚಿಕ್ಕಮಗಳೂರು, ಹಾಸನ ಎರಡೂ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಮೇಲಿವೆ. ಇಲ್ಲಿ ನೀರು ಕುದಿಯೋದೇ 96-97 ಡಿಗ್ರಿಗೆ. ಮುಳ್ಳಯ್ಯನಗಿರಿ ತುದಿಯಲ್ಲಾದರೆ 94ರ ಆಸುಪಾಸು. ಸರಿಯಾಗಿ 96.5 ತೋರಿಸುತ್ತಿದ್ದ ಸೆನ್ಸರ್‌ಗೆ ಮೂರೂವರೆ ಡಿಗ್ರಿ ಸೇರಿಸಿಬಿಟ್ಟರೆ, ಡ್ರೈಯರ್ ಪರದೆಯಲ್ಲಿ 45 ಕಂಡಾಗ ಒಳಗೆ ಇರೋದು ಬರೀ 41.5. ಕಾಫಿ ಯಾಕೆ ಬೇಗ ಒಣಗುತ್ತಿಲ್ಲ ಅಂತ ಸೌದೆ ಜಾಸ್ತಿ ಹಾಕಿಸುತ್ತಾ ಕೂರಬೇಕಾಗುತ್ತದೆ. ಪರೀಕ್ಷೆಗೆ ಐಸ್ ನೀರು ಒಳ್ಳೆಯದು. ಐಸ್ ಪುಡಿ ಮಾಡಿ, ಸ್ವಲ್ಪ ಶುದ್ಧ ನೀರು ಸೇರಿಸಿ ಕಲಕಿದರೆ ನಮ್ಮ ಬೆಟ್ಟದ ಮೇಲೂ 0 ಡಿಗ್ರಿಯೇ.

ಲಾಗರ್ ಬಿಚ್ಚುವ ಮುಂಚೆ ಒಂದು ಎಚ್ಚರಿಕೆ. ಹಳೆಯದರಲ್ಲಿ ಎಷ್ಟೋ ಸಲ ಸೆಟ್ಟಿಂಗ್‌ಗಳು ಒಳಗಿನ ಬಟನ್ ಬ್ಯಾಟರಿಯ ಆಸರೆಯಲ್ಲಿ ಉಳಿದಿರುತ್ತವೆ. ಬ್ಯಾಟರಿ ತೆಗೆಯುವ ಮೊದಲು ಪ್ರತಿ ಚಾನೆಲ್‌ನ ಸೆನ್ಸರ್ ಬಗೆ, ರೇಂಜ್, ಆಫ್‌ಸೆಟ್ ಎಲ್ಲವನ್ನೂ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಹೊಸದು ತರೋದು ಯಾವಾಗ? ರೆಸಿಸ್ಟರನ್ನು ಲಾಗರ್‌ಗೇ ಹಾಕಿದಾಗಲೂ ಎಲ್ಲ ಚಾನೆಲ್ ತಪ್ಪಿ, ಸಪ್ಲೈ ಬದಲಿಸಿದರೂ ಸರಿಹೋಗದೆ, ಬಿಡಿಭಾಗವೂ ಸಿಗದಿದ್ದರೆ ತನ್ನಿ. ಆಗಲೂ ಸೆನ್ಸರ್ ಎಸೆಯಬೇಡಿ. ಪಿಟಿ-100 ಅಂತರರಾಷ್ಟ್ರೀಯ ಮಾನಕದ್ದು, ಹೊಸ ಲಾಗರ್‌ಗೂ ಹೊಂದುತ್ತದೆ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು, ಹಾಗಾಗಿ ಅಕ್ಟೋಬರ್ ಒಳಗೆ ಕೂರಿಸಿ, ಖಾಲಿ ಡ್ರೈಯರ್ ಓಡಿಸಿ ಹಳೆಯದರ ಪಕ್ಕದಲ್ಲೇ ಹೋಲಿಸಿ ನೋಡಿ.